ಕನ್ನಡಿಯೊಳಗಿನ ನಕ್ಷತ್ರ

2025 ಫೆಬ್ರವರಿ 12, ಬುಧವಾರ, ರಾತ್ರಿ

ಇವತ್ತು ಸೈಕಾಲಜಿ ಪ್ರಾಕ್ಟಿಕಲ್‌ನಲ್ಲಿ ಮಿರರ್ ಡ್ರಾಯಿಂಗ್ ಇತ್ತು. ಗೆಳತಿ ಸಬ್ಜೆಕ್ಟ್, ಅಂದರೆ ಪ್ರಯೋಗಕ್ಕೆ ಕೂರುವವಳು. ನಾನು ಎಕ್ಸ್‌ಪೆರಿಮೆಂಟರ್, ಪ್ರಯೋಗ ನಡೆಸುವವಳು. ಹೇಳೋಕೆ ಸುಲಭದ ಪ್ರಯೋಗ. ಕಾಗದದ ಮೇಲೆ ಜೋಡಿ ಗೆರೆಯ ಒಂದು ನಕ್ಷತ್ರ. ಆ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಿ ಒಂದು ಸುತ್ತು ಬರಬೇಕು. ಆದರೆ ಕೈಗೆ ಅಡ್ಡವಾಗಿ ಒಂದು ಹಲಗೆ ಇರುತ್ತದೆ, ಕೈ ಕಾಣುವುದು ಎದುರಿನ ಕನ್ನಡಿಯಲ್ಲಿ ಮಾತ್ರ. ಸ್ಟಾಪ್‌ವಾಚ್ ಹಿಡಿಯುವುದು, ಪೆನ್ಸಿಲ್ ಗೆರೆ ಮುಟ್ಟಿದಾಗಲೆಲ್ಲ ಒಂದು ತಪ್ಪು ಅಂತ ಗುರುತು ಹಾಕುವುದು ನನ್ನ ಕೆಲಸ.

ಮೊದಲ ಮೂಲೆಯಲ್ಲೇ ಅವಳು ಸಿಕ್ಕಿಬಿದ್ದಳು. ಪೆನ್ಸಿಲ್ ತನ್ನ ಕಡೆ ಬರಬೇಕು, ಕೈ ದೂರ ತಳ್ಳುತ್ತಿದೆ. ತಿದ್ದೋಕೆ ಹೋದರೆ ಇನ್ನೂ ದೂರ. ಅಲ್ಲೇ ಗೀಚಿ ಗೀಚಿ ಆ ಜಾಗ ಕಪ್ಪಾಯಿತು. ಪೆನ್ಸಿಲ್ ಎಷ್ಟು ಬಿಗಿಯಾಗಿ ಹಿಡಿದಿದ್ದಳು ಅಂದರೆ ಬೆರಳ ತುದಿ ಬೆಳ್ಳಗಾಗಿತ್ತು. "ಕೈ ನನ್ನ ಮಾತೇ ಕೇಳ್ತಿಲ್ಲ ಕಣೇ" ಅಂದಳು. ದಾರಿ ಹೇಳಿಕೊಡೋಣ ಅಂತ ಬಾಯಿ ತುದಿಗೆ ಬಂದಿತ್ತು. ಎಕ್ಸ್‌ಪೆರಿಮೆಂಟರ್ ಹಾಗೆ ಮಾಡುವಂತಿಲ್ಲ. ತಪ್ಪು ಎಣಿಸುತ್ತಾ ಕೂತೆ.

ಆರನೇ ಸುತ್ತಿಗೆ ಅದೇ ಮೂಲೆಯಲ್ಲಿ ಪೆನ್ಸಿಲ್ ಸಲೀಸಾಗಿ ತಿರುಗಿತು.

ಎಲ್ಲ ಮುಗಿದ ಮೇಲೆ ಸಬ್ಜೆಕ್ಟ್‌ನ ಅನುಭವ ಕೇಳಿ ಬರೆದುಕೊಳ್ಳಬೇಕು. "ಆ ಮೂಲೆ ಆಮೇಲೆ ಹೇಗೆ ಬಂತು?" ಅಂದೆ. "ಗೊತ್ತಿಲ್ಲ, ಬಂತು." ಎಷ್ಟು ಕೆದಕಿದರೂ ಅಷ್ಟೇ. ಸೈಕಾಲಜಿ ಓದ್ತೀನಿ ಅಂದ ಕೂಡಲೇ "ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅನ್ನುವವರಿಗೆ ಇದನ್ನೇ ತೋರಿಸಬೇಕು. ಅವಳ ಕೈ ಕಲಿತದ್ದು ಹೇಗೆ ಅಂತ ಅವಳಿಗೇ ಗೊತ್ತಿಲ್ಲ.

ಸಂಜೆ ರೆಕಾರ್ಡ್ ಬರೆಯೋಕೆ ಕೂತವಳು ಪುಸ್ತಕಗಳಲ್ಲಿ ಎಚ್.ಎಂ. ಅಂತ ಕರೆಯುವ ಒಬ್ಬ ರೋಗಿಯ ಬಗ್ಗೆ ಮತ್ತೆ ಓದಿದೆ. ಪರೀಕ್ಷೆಗೆ ಅಂತ ಮುಂಚೆ ಓದಿದ್ದೆ, ಆಗ ಮನಸ್ಸಿಗೆ ಇಳಿದಿರಲಿಲ್ಲ. ಅವರಿಗೆ ವಿಪರೀತ ಫಿಟ್ಸ್ ಬರುತ್ತಿತ್ತು. 1953ರಲ್ಲಿ, 27ನೇ ವಯಸ್ಸಿನಲ್ಲಿ, ಮೆದುಳಿನ ಎರಡೂ ಬದಿಯಲ್ಲಿ ಹೊಸ ನೆನಪು ಕೂಡಿಡಲು ಬೇಕಾದ ಹಿಪೊಕ್ಯಾಂಪಸ್‌ನ ದೊಡ್ಡ ಭಾಗವನ್ನು ಆಪರೇಷನ್ ಮಾಡಿ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಹೊಸದು ಯಾವುದೂ ನೆನಪಿನಲ್ಲಿ ನಿಲ್ಲದಂತಾಯಿತು. ವರ್ಷಗಟ್ಟಲೆ ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವರಿಗೆ ಹೊಸಬರೇ.

ಎಚ್.ಎಂ.ಗೆ ಮಿಲ್ನರ್ ಕೊಟ್ಟದ್ದೂ ಇದೇ ಕನ್ನಡಿ, ಇದೇ ನಕ್ಷತ್ರ. ದಿನದಿಂದ ದಿನಕ್ಕೆ ತಪ್ಪು ಕಡಿಮೆಯಾಗುತ್ತಾ ಹೋಯಿತು. ಮೂರನೇ ದಿನ ಕೈ ಚೆನ್ನಾಗಿ ಓಡುತ್ತಿತ್ತು. ಹಿಂದೆ ಇದನ್ನು ಮಾಡಿದ ನೆನಪು ಮಾತ್ರ ಅವರಿಗೆ ಒಂಚೂರೂ ಇರಲಿಲ್ಲ. ನೆನಪು ಅಂದರೆ ಒಂದೇ ಅಲ್ಲ, ಕೈಯ ಕಲಿಕೆಗೆ ಮೆದುಳಿನಲ್ಲಿ ಬೇರೆ ದಾರಿ ಇದೆ ಅಂತ ತೋರಿಸಿದ್ದು ಇದು. ಗೆಳತಿಯ ಬೆಳ್ಳಗಾದ ಬೆರಳು ನೋಡದೇ ಹೋಗಿದ್ದರೆ ಈ ಸಾಲು ನನಗೆ ಬರೀ ಎರಡು ಮಾರ್ಕ್ಸಿನ ಉತ್ತರವಾಗಿಯೇ ಉಳಿಯುತ್ತಿತ್ತು.

ಅವರ ಪೂರ್ತಿ ಹೆಸರು ಹೆನ್ರಿ ಮೊಲೈಸನ್. ಅದು ಹೊರಗೆ ಬಂದದ್ದು 2008ರಲ್ಲಿ, ಅವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಓದುವವರಿಗೆಲ್ಲ ಅವರು ಎರಡು ಅಕ್ಷರ. ಗುಟ್ಟು ಕಾಪಾಡಲು ಅದು ಬೇಕೇ ಬೇಕು, ಒಪ್ಪುತ್ತೇನೆ. ಆದರೂ ನಿನ್ನೆ ಎಷ್ಟು ಹೊತ್ತು ಕಷ್ಟಪಟ್ಟೆ ಅಂತ ನೆನಪೇ ಇಲ್ಲದ ಮನುಷ್ಯ, ಕೇಳಿದಾಗಲೆಲ್ಲ ಪೆನ್ಸಿಲ್ ಹಿಡಿದು ಕೂರುತ್ತಿದ್ದರಲ್ಲ ಅಂತ ಯೋಚಿಸಿದರೆ ಗಂಟಲು ಕಟ್ಟುತ್ತದೆ.

ನಾವೂ ರೆಕಾರ್ಡ್‌ನಲ್ಲಿ ಸಬ್ಜೆಕ್ಟ್‌ನ ಹೆಸರಿನ ಮೊದಲ ಅಕ್ಷರ ಮಾತ್ರ ಬರೆಯುತ್ತೇವೆ. ಗೆಳತಿಯ ಅಕ್ಷರ ಬರೆದೆ. ಸಮಯ, ತಪ್ಪು ಎಲ್ಲ ಟೇಬಲ್‌ನಲ್ಲಿ ತುಂಬಿದೆ. ಅನುಭವದ ಜಾಗದಲ್ಲಿ "ಕೈ ನನ್ನ ಮಾತೇ ಕೇಳ್ತಿಲ್ಲ" ಅಂತ ಅವಳು ಅಂದ ಹಾಗೇ ಇಟ್ಟಿದ್ದೇನೆ. ತಿದ್ದಲಿಲ್ಲ.

ನಾಳೆ ಅದಲುಬದಲು. ಕನ್ನಡಿಯ ಮುಂದೆ ನಾನು, ಸ್ಟಾಪ್‌ವಾಚ್ ಅವಳ ಕೈಯಲ್ಲಿ.