ಒಂದು ಮನೆಯೋ, ಎರಡು ಮನೆಯೋ

ಚೆಸ್‌ನಲ್ಲಿ ಸೋತ ಆಟವನ್ನು ಎಲ್ಲರೂ ಬಿಚ್ಚಿ ನೋಡುತ್ತಾರೆ. ಎಲ್ಲಿ ಎಡವಿದೆ ಅಂತ ಯೋಚಿಸುತ್ತಾ ರಾತ್ರಿ ನಿದ್ದೆ ಬರುವುದಿಲ್ಲ. ಗೆದ್ದ ಆಟಕ್ಕೆ ಅಷ್ಟು ಆರೈಕೆ ಸಿಗುವುದಿಲ್ಲ. ಹೆಸರಿನ ಮುಂದೆ 1 ಅಂತ ಬಿದ್ದರೆ ಮುಗಿಯಿತು. ಮುಂದಿನ ಸುತ್ತಿನಲ್ಲಿ ಯಾರಿಗೆ ಯಾರು ಎದುರಾಳಿ ಅನ್ನುವ ಪೇರಿಂಗ್ ಯಾವಾಗ ಹಾಕುತ್ತಾರೆ ಅಂತ ನೋಟಿಸ್ ಬೋರ್ಡ್ ಕಡೆ ನೋಡುತ್ತೇವೆ. ಯಾಕೆ ಗೆದ್ದೆ ಅಂತ ಕೇಳಿಕೊಳ್ಳುವುದೇ ಇಲ್ಲ. ನಾನು ಗೆದ್ದ ಒಂದು ಆಟವನ್ನು ತಿಂಗಳುಗಟ್ಟಲೆ ಕೆದಕಿ ನೋಡಿದ್ದೇನೆ. ನನ್ನ ಯಾವ ಸೋಲೂ ಅಷ್ಟು ಕಲಿಸಿಲ್ಲ.

ಅದು ಮೈಸೂರಿನಲ್ಲಿ ಆಡಿದ ರೇಟಿಂಗ್ ಟೂರ್ನಿ. ಒಬ್ಬೊಬ್ಬರಿಗೆ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡ್ ಸೇರ್ಪಡೆ. ಈ 30 ಸೆಕೆಂಡಿನಿಂದ ಒಂದು ದೊಡ್ಡ ಉಪಕಾರ ಇದೆ. ಗಡಿಯಾರದಲ್ಲಿ ಎಷ್ಟೇ ಕಡಿಮೆ ಸಮಯ ಉಳಿದಿರಲಿ, ಇಬ್ಬರೂ ಕೊನೆಯವರೆಗೆ ನಡೆ ಬರೆಯಲೇಬೇಕು ಅನ್ನುತ್ತದೆ ನಿಯಮ. ಹಾಗಾಗಿ ಆಟ ಪೂರ್ತಿ ಹಾಳೆಯ ಮೇಲೆ ಉಳಿಯುತ್ತದೆ.

ಮೈಸೂರಿನಲ್ಲಿ ಟೂರ್ನಿ ಅಂದರೆ ಮಕ್ಕಳೇ ಜಾಸ್ತಿ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ತೇಜ್‌ಕುಮಾರ್ ಇದೇ ಊರಿನವರು. 2017ರಲ್ಲಿ ಅವರಿಗೆ ಆ ಪಟ್ಟ ಸಿಕ್ಕಾಗ ಅವರು ದೇಶದ 50ನೇ ಗ್ರ್ಯಾಂಡ್‌ಮಾಸ್ಟರ್. ಆಮೇಲೆ ಗ್ರ್ಯಾಂಡ್‌ಮಾಸ್ಟರ್ ಆದ ಗಿರೀಶ್ ಕೌಶಿಕ್ ಕೂಡ ಇಲ್ಲಿಯವರೇ. ಈ ಊರಿನ ಮಕ್ಕಳು ಚೆಸ್ ಬೋರ್ಡಿನ ಮುಂದೆ ಕೂರುವ ರೀತಿಯಲ್ಲೇ ಒಂದು ಧೈರ್ಯ ಕಾಣುತ್ತದೆ. ಆದರೆ ಆ ಸುತ್ತಿನಲ್ಲಿ ನನ್ನ ಎದುರು ಬಂದು ಕೂತವರು ಹಾಸನದ ಕಡೆಯ ಒಬ್ಬ ನಿವೃತ್ತ ಗಣಿತ ಮೇಷ್ಟ್ರು. ತಿಳಿ ನೀಲಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪ್ರತಿ ನಡೆಯನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು.

ನನ್ನದು ಬಿಳಿ ಕಾಯಿ. ಆಡಿದ್ದು ಇಟಾಲಿಯನ್ ಅನ್ನುವ ಆರಂಭ. ಬೋರ್ಡಿನ ಪ್ರತಿ ಮನೆಗೂ ಒಂದು ಹೆಸರಿದೆ: ಬಿಳಿಯವರ ಎಡಗಡೆಯಿಂದ ಎ ಇಂದ ಎಚ್ ವರೆಗೆ ಉದ್ದ ಸಾಲುಗಳು, ಬಿಳಿಯವರ ಕಡೆಯಿಂದ 1ರಿಂದ 8ರವರೆಗೆ ಅಡ್ಡ ಸಾಲುಗಳು. ರಾಜನ ಮುಂದಿನ ಕಾಲಾಳುಗಳು, ಅಂದರೆ ಪಾನ್‌ಗಳು ಇ4 ಮತ್ತು ಇ5ರಲ್ಲಿ ಎದುರುಬದುರು ನಿಂತವು. ಕುದುರೆಗಳು ಹೊರಬಂದವು, ಒಂಟೆಗಳು ಸಿ4, ಸಿ5ಕ್ಕೆ ಬಂದವು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎ ಸಾಲಿನ ಪಾನನ್ನು ಒಂದು ಮನೆ ತಳ್ಳಿ ಎ6 ಆಡಿದರು. ಇದು ಇಟಾಲಿಯನ್‌ನಲ್ಲಿ ದಿನಾ ಕಾಣುವ ಒಳ್ಳೆಯ ನಡೆ. ಸಿ5ರ ಒಂಟೆಯನ್ನು ಯಾರಾದರೂ ಅಟ್ಟಿಸಿಕೊಂಡು ಬಂದರೆ ಅದು ಎ7ರಲ್ಲಿ ಹೋಗಿ ಕೂರಬಹುದು. ಬಿಳಿಯವರು ಇಲ್ಲಿ ಎ4 ಆಡುವ ರೂಢಿಯೂ ಇದೆ. ನನಗೆ ಆ ನಡೆಗೆ ಕೆಲಸ ಕಾಣಲಿಲ್ಲ. ನನ್ನ ಎ ಪಾನ್ ಎ2ರಲ್ಲೇ ಉಳಿಯಿತು. ಇಷ್ಟನ್ನು ನೆನಪಿಟ್ಟುಕೊಳ್ಳಿ.

ನಡುವಿನ ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಣಿಗಳು ಹೋದವು, ಕುದುರೆಗಳು ಹೋದವು, ಪಾನ್‌ಗಳು ಒಂದೊಂದಾಗಿ ಕರಗಿದವು. ಇಬ್ಬರೂ ಚೆನ್ನಾಗಿಯೇ ಆಡಿದೆವು. ಯಾರ ಕೈಯೂ ಮೇಲಾಗಲಿಲ್ಲ.

ಕೊನೆಗೆ ಉಳಿದದ್ದು ಎಂಟು ಕಾಯಿ. ನನ್ನ ರಾಜ ಜಿ4ರಲ್ಲಿ, ಆನೆ ಸಿ3ರಲ್ಲಿ, ಪಾನ್‌ಗಳು ಎ2 ಮತ್ತು ಇ4ರಲ್ಲಿ. ಮೇಷ್ಟ್ರ ರಾಜ ಡಿ6ರಲ್ಲಿ, ಆನೆ ಎ5ರಲ್ಲಿ, ಪಾನ್‌ಗಳು ಎ6 ಮತ್ತು ಇ5ರಲ್ಲಿ. ಮನೆಯಲ್ಲಿ ಬೋರ್ಡ್ ಇದ್ದರೆ ದಯವಿಟ್ಟು ಜೋಡಿಸಿಕೊಂಡು ಓದಿ. ಕಣ್ಣೆದುರು ಇದ್ದರೆ ಇದರ ರುಚಿಯೇ ಬೇರೆ.

ಇಲ್ಲಿ ಮೇಷ್ಟ್ರು ತುಂಬಾ ಹೊತ್ತು ಯೋಚಿಸಿದರು. ಆಮೇಲೆ ತಮ್ಮ ಆನೆಯನ್ನು ಸಿ5ಕ್ಕೆ, ನನ್ನ ಆನೆಯ ನೇರಕ್ಕೆ ತಂದು ಇಟ್ಟರು. ಬೇಕಿದ್ದರೆ ಹೊಡೆ ಅಂದ ಹಾಗೆ.

ಹೊಡೆದರೆ ಏನಾಗುತ್ತದೆ? ನಾನು ಆನೆಯನ್ನು ಹೊಡೆಯುತ್ತೇನೆ, ಅವರ ರಾಜ ನನ್ನ ಆನೆಯನ್ನು ಹೊಡೆದು ಸಿ5ಕ್ಕೆ ಬರುತ್ತಾನೆ. ನನ್ನ ರಾಜ ಎಫ್5ಕ್ಕೆ ಹೋಗಿ ಇ5ರ ಪಾನ್ ಮೇಲೆ ಬೀಳುತ್ತಾನೆ. ಅವರ ರಾಜ ಡಿ4ಕ್ಕೆ ಬಂದು ನನ್ನ ಇ4ರ ಪಾನ್ ಮೇಲೆ ಬೀಳುತ್ತಾನೆ. ಈಗ ಇಬ್ಬರು ರಾಜರೂ ಒಂದೇ ಹೊತ್ತಿಗೆ ತಮ್ಮ ಪಾನ್ ಕಾಯುತ್ತಿದ್ದಾರೆ, ಎದುರಿನವರ ಪಾನ್‌ಗೆ ಹೊಂಚು ಹಾಕುತ್ತಿದ್ದಾರೆ. ಯಾರು ಮೊದಲು ಜಾಗ ಬಿಡುತ್ತಾರೋ ಅವರ ಪಾನ್ ಹೋಯಿತು, ಅದರ ಹಿಂದೆ ಆಟವೂ ಹೋಯಿತು. ಆಟಗಾರರು ಜುಗ್‌ಜ್ವಾಂಗ್ ಅನ್ನುವುದು ಇದಕ್ಕೇ. ನಡೆ ಇರುವುದೇ ಕಷ್ಟ, ಆದರೆ ನಡೆಯದೆ ಬಿಡುವ ಹಾಗಿಲ್ಲ.

ಆ ಹೊತ್ತಿಗೆ ಸರದಿ ನನ್ನದು.

ರಾಜನನ್ನು ಅಲ್ಲಾಡಿಸುವಂತಿಲ್ಲ. ಕೈಯಲ್ಲಿ ಉಳಿದಿರುವುದು ಎ2ರ ಪಾನ್ ಮಾತ್ರ. ಅದು ಇನ್ನೂ ಹುಟ್ಟಿದ ಮನೆ ಬಿಟ್ಟಿಲ್ಲ, ಹಾಗಾಗಿ ಒಂದು ಮನೆಯೂ ಹೋಗಬಹುದು, ಎರಡು ಮನೆಯೂ ಹಾರಬಹುದು. ಎರಡು ಮನೆ ಹಾರಿಸಿ ಎ4 ಆಡಿದರೆ ಅವರು ಎ5 ಆಡುತ್ತಾರೆ. ಪಾನ್‌ಗಳು ಮುಖಾಮುಖಿಯಾಗಿ ಸಿಕ್ಕಿಕೊಳ್ಳುತ್ತವೆ, ಸರದಿ ಮತ್ತೆ ನನ್ನದೇ, ನಾನು ಸೋಲುತ್ತೇನೆ. ಒಂದೇ ಮನೆ ತಳ್ಳಿ ಎ3 ಆಡಿದರೆ ಅವರು ಎ5, ನಾನು ಎ4. ಪಾನ್‌ಗಳು ಅದೇ ಜಾಗದಲ್ಲೇ ಸಿಕ್ಕಿಕೊಳ್ಳುತ್ತವೆ. ಆದರೆ ಈಗ ಸರದಿ ಅವರದು.

ಟೇಬಲ್ ಕೆಳಗೆ ಬೆರಳು ಮಡಚಿ ಎಣಿಸಿದೆ. ಎ3, ಎ5, ಎ4. ಮತ್ತೆ ಎಣಿಸಿದೆ. ಅವರ ಪಾನ್ ಆಗಲೇ ಎ6ಕ್ಕೆ ಬಂದಾಗಿತ್ತು, ಎರಡು ಮನೆ ಹಾರುವ ಹಕ್ಕು ಅದಕ್ಕೆ ಇರಲಿಲ್ಲ. ನನ್ನದಕ್ಕೆ ಇತ್ತು. ಹಾರುವ ಹಕ್ಕಿದ್ದೂ ಹಾರದೆ ಇರುವುದರಲ್ಲೇ ಗೆಲುವು ಇತ್ತು. ಎದೆ ಹೊಡೆದುಕೊಳ್ಳುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಆನೆಯನ್ನು ಹೊಡೆದೆ.

ಎಲ್ಲವೂ ಅಂದುಕೊಂಡ ಹಾಗೇ ನಡೆಯಿತು. ನಾನು ಎ3 ಆಡಿದಾಗ ಮೇಷ್ಟ್ರು ಬೋರ್ಡ್ ಮೇಲೆ ಇನ್ನಷ್ಟು ಬಗ್ಗಿದರು. ಅವರ ಗಡಿಯಾರದಲ್ಲಿ ನಿಮಿಷಗಳು ಕರಗುತ್ತಾ ಬಂದವು. ಎ5 ಆಡಿದರು, ನಾನು ಎ4. ಮೇಷ್ಟ್ರು ನಡೆಯನ್ನು ನೀಟಾಗಿ ಬರೆದು, ಪೆನ್ನು ಮುಚ್ಚಿ, ಸೋಲೊಪ್ಪಿ ನಗುತ್ತಾ ಕೈ ಚಾಚಿದರು.

ಆಡುವ ಹಾಲ್ ಒಳಗೆ ಆಟದ ಚರ್ಚೆ ಮಾಡುವಂತಿಲ್ಲ. ಹೊರಗೆ ಕಾರಿಡಾರಿನಲ್ಲಿ ಒಂದಷ್ಟು ಬೋರ್ಡ್ ಹಾಕಿಟ್ಟಿದ್ದರು. ಅವು ಹೆಚ್ಚಾಗಿ ಖಾಲಿಯೇ ಇರುತ್ತವೆ. ಆಟ ಮುಗಿಸಿ ಬಂದ ಮಕ್ಕಳು ಸೀದಾ ಅಪ್ಪ ಅಮ್ಮನ ಹತ್ತಿರ ಓಡುತ್ತಾರೆ, ನಡೆಗಳನ್ನು ಮೊಬೈಲಿಗೆ ತುಂಬುತ್ತಾರೆ, ನಡೆಗಳನ್ನು ಅಳೆಯುವ ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಎಂಜಿನ್, ಯಾವ ನಡೆಗೆ ಕೆಂಪು ಬಣ್ಣ ಕೊಟ್ಟಿತು ಅಂತ ನೋಡುತ್ತಾರೆ. ಎದುರು ಕೂತು ಮೂರು ಗಂಟೆ ತಲೆ ಕೆಡಿಸಿಕೊಂಡ ಇನ್ನೊಬ್ಬರನ್ನು ಯಾರೂ ಏನೂ ಕೇಳುವುದಿಲ್ಲ. ಇದು ನನಗೆ ನಿಜವಾಗಲೂ ಬೇಸರದ ಸಂಗತಿ. ಚೆಸ್‌ನಲ್ಲಿ ಎದುರಾಳಿಯ ಜೊತೆ ಕೂತು ಆಟವನ್ನು ಮತ್ತೆ ಆಡಿ ನೋಡುವುದು ತುಂಬಾ ಹಳೆಯ, ತುಂಬಾ ಚೆಂದದ ಪದ್ಧತಿ.

ಮೇಷ್ಟ್ರೇ ಕರೆದರು. "ಬಾಮ್ಮ, ಒಂದ್ಸಲ ಜೋಡಿಸೋಣ."

ಜೋಡಿಸಿದೆವು. ಆನೆ ಸಿ5ಕ್ಕೆ ಬಂದ ಜಾಗಕ್ಕೆ ಬಂದಾಗ ಕೇಳಿದೆ, "ಸರ್, ಇಲ್ಲಿ ಆನೆ ಕೊಟ್ಟಿದ್ದು ಡ್ರಾ ಆಗಲಿ ಅಂತ ಅಲ್ವಾ? ಪಾನ್ ಇಬ್ಬರಿಗೂ ಎರಡೆರಡು ಇತ್ತಲ್ಲ."

"ಡ್ರಾನಾ? ಇಲ್ಲಮ್ಮ. ಗೆಲ್ತೀನಿ ಅಂತಾನೇ ಕೊಟ್ಟಿದ್ದು."

ನಾನು ಸುಮ್ಮನಾಗಿಬಿಟ್ಟೆ. ಅವರು ಕಾಯಿ ನಡೆಸಿ ತೋರಿಸಿದರು. "ನೀನು ಹೊಡೀತೀಯ, ನಾನು ಹೊಡೀತೀನಿ. ನಿನ್ನ ರಾಜ ಇಲ್ಲಿ, ನನ್ನ ರಾಜ ಇಲ್ಲಿ. ಈಗ ಸರದಿ ನಿಂದು. ಎ4 ಆಡ್ತೀಯ, ನಾನು ಎ5. ನಿನ್ನ ರಾಜ ಜಾಗ ಬಿಡಲೇಬೇಕು. ಇಷ್ಟೂ ನೋಡಿದ್ದೆ. ಎರಡು ಮನೆ ಹಾರೋ ಪಾನ್ ಒಂದೇ ಮನೆ ನಡೆಯುತ್ತೆ ಅನ್ನೋದು ಮಾತ್ರ ಹೊಳೀಲಿಲ್ಲ ನೋಡು."

ಅಂದರೆ ಇಬ್ಬರೂ ಒಂದೇ ಜಾಗವನ್ನು ಮನಸ್ಸಿನಲ್ಲಿ ಕಂಡಿದ್ದೆವು. ಅದೇ ರಾಜರು, ಅದೇ ಪಾನ್‌ಗಳು, ಅದೇ ಸರದಿ. ಇಬ್ಬರೂ ಅಲ್ಲಿಗೆ ಹೋಗಲು ಆಸೆಪಟ್ಟಿದ್ದೆವು, ಇಬ್ಬರೂ ತಾವೇ ಗೆಲ್ಲುತ್ತೇವೆ ಅಂತ ನಂಬಿದ್ದೆವು. ಈ ಮಾತು ಕೇಳದೆ ನಾನು ಮನೆಗೆ ಹೋಗಿದ್ದರೆ, ಸುಸ್ತಾದ ಹಿರಿಯರೊಬ್ಬರು ಡ್ರಾ ಬಯಸಿ ಎಡವಿದರು, ನನಗೆ ಲಾಭವಾಯಿತು ಅಂತಲೇ ಜೀವನಪೂರ್ತಿ ನಂಬಿರುತ್ತಿದ್ದೆ. ಅದು ಸುಳ್ಳಾಗಿರುತ್ತಿತ್ತು, ಅವರಿಗೆ ಮಾಡಿದ ಅನ್ಯಾಯವೂ ಆಗಿರುತ್ತಿತ್ತು.

ಮನೆಗೆ ಬಂದ ಮೇಲೆ ಮೊದಲು ಮರದ ಬೋರ್ಡಿನಲ್ಲೇ ನೋಡಿದೆ. ತನ್ನ ಆಟಗಳನ್ನು ತಾನೇ ಕೂತು ಕೂಲಂಕಷವಾಗಿ ಪರೀಕ್ಷಿಸಬೇಕು ಅನ್ನುವುದನ್ನು ದೊಡ್ಡ ಶಿಸ್ತಾಗಿ ಬೆಳೆಸಿದವರು 1948ರಲ್ಲಿ ವಿಶ್ವ ಚಾಂಪಿಯನ್ ಆದ ಮಿಖಾಯಿಲ್ ಬೋತ್ವಿನಿಕ್. ಅವರು ಚಾಂಪಿಯನ್ ಆದ ಹೊತ್ತಿಗೆ ಎಂಜಿನ್ ಇರಲಿಲ್ಲ. ಈಗ ಇದೆ, ಅದೂ ಪುಕ್ಕಟೆ. ಆದರೂ ನನ್ನ ತಲೆ ಏನು ಹೇಳುತ್ತದೆ ಅಂತ ಮೊದಲು ಬರೆದಿಟ್ಟುಕೊಂಡು ಆಮೇಲೆ ಎಂಜಿನ್ ತೆರೆಯುವುದು ನನ್ನ ಕ್ರಮ. ಮೇಷ್ಟ್ರು ಡಿ4ಕ್ಕೆ ಬರದೆ ರಾಜನನ್ನು ಸಿ5ರಿಂದ ಡಿ6ಕ್ಕೆ ವಾಪಸ್ ತಂದು ಕೂರಿಸಿದ್ದರೆ? ಆಗ ನನ್ನ ರಾಜ ಎಫ್5, ಎಫ್6 ನಡುವೆ ಓಡಾಡಿಕೊಂಡು ಕಾಯಬಹುದು. ಅವರ ಪಾನ್ ನಡೆಗಳು ಮುಗಿದಾಗ ಇ5 ಬೀಳುತ್ತದೆ. ಕೊನೆಯಲ್ಲಿ ಕೈ ಚಾಚದೆ ರಾಜನನ್ನು ನನ್ನ ಎ4ರ ಪಾನ್ ಕಡೆಗೆ ಓಡಿಸಿದ್ದರೆ? ನನ್ನ ಇ ಪಾನ್ ಮೊದಲು ರಾಣಿಯಾಗುತ್ತದೆ. ಒಂದೊಂದನ್ನೂ ಕೈಯಿಂದ ನಡೆಸಿ ನೋಡಿದೆ.

ಆಮೇಲೆ ಸ್ಟಾಕ್‌ಫಿಶ್ ಅನ್ನುವ ಎಂಜಿನ್. ಆನೆ ಸಿ5ಕ್ಕೆ ಬರುವವರೆಗೂ, ಯಾರ ಕೈ ಮೇಲು ಅಂತ ತೋರಿಸುವ ಪಟ್ಟಿ ಹೆಚ್ಚುಕಡಿಮೆ ನಡುವಿನಲ್ಲಿತ್ತು. ಸಿ5 ಬಂದದ್ದೇ ತಡ, ಬಿಳಿಯ ಕಡೆಗೆ ನೆಗೆಯಿತು. ಆ ನಡೆಯ ಪಕ್ಕ ಎರಡು ಪ್ರಶ್ನೆ ಚಿಹ್ನೆ. ಘೋರ ತಪ್ಪು ಅಂತ ತೀರ್ಪು.

ತೀರ್ಪು ಸರಿ. ಆನೆಗಳು ಹೋದ ಮೇಲೆ ಉಳಿಯುವುದು ಆರು ಕಾಯಿ. ಏಳು ಕಾಯಿಗಳವರೆಗಿನ ಎಲ್ಲ ಸ್ಥಿತಿಗಳಿಗೂ ಕಂಪ್ಯೂಟರ್ ಲೆಕ್ಕ ಹಾಕಿಟ್ಟ ಟೇಬಲ್‌ಬೇಸ್ ಇದೆ, ಲಿಚೆಸ್ ಅನ್ನುವ ಚೆಸ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿ ಉತ್ತರ ಅಂದಾಜಿನದ್ದಲ್ಲ, ಅಂತಿಮ. ರಾಜರು ಎದುರುಬದುರಾದ ಆ ಸ್ಥಿತಿಯನ್ನು ಹಾಕಿದೆ. ಗೆಲ್ಲುವ ನಡೆ ಒಂದೇ ಒಂದು, ಎ3. ಎ4 ಆಡಿದರೆ ಸೋಲು.

ಸುಮ್ನೆ ಕುತೂಹಲಕ್ಕೆ ಅವರ ಪಾನನ್ನು ಎ6ರಿಂದ ತೆಗೆದು ಎ7ರಲ್ಲಿ ಇಟ್ಟು ನೋಡಿದೆ. ಮಿಕ್ಕಿದ್ದೆಲ್ಲ ಹಾಗೇ. ಈಗ ನನಗೆ ಗೆಲ್ಲುವ ನಡೆಯೇ ಇಲ್ಲ. ಎ3ಗೆ ಅವರು ಎ6 ಆಡುತ್ತಾರೆ, ಎ4ಕ್ಕೆ ಎ5. ಎರಡರಲ್ಲೂ ಸರದಿ ನನ್ನ ತಲೆಯ ಮೇಲೇ ಬಂದು ಕೂರುತ್ತದೆ. ಇಷ್ಟು ಸ್ಪಷ್ಟವಾಗಿ ಕಂಡಾಗ ಕುರ್ಚಿಯಿಂದ ಎದ್ದು ಓಡಾಡಿದೆ. ಒಂಟೆಗೆ ಜಾಗ ಇರಲಿ ಅಂತ ಆಡಿದ ಆ ಒಂದು ಮನೆ, ಒಂಟೆ ಬೋರ್ಡ್ ಬಿಟ್ಟು ಹೋಗಿ ಎಷ್ಟೋ ಹೊತ್ತಾದ ಮೇಲೆ ಆಟದ ಗತಿ ಬದಲಿಸಿತ್ತು. ಎ6 ಆಡಿದ್ದು ತಪ್ಪು ಅಂತ ಖಂಡಿತ ಹೇಳಲಾರೆ. ಅಷ್ಟು ದೂರ ಯಾರೂ ನೋಡಲಾರರು. ಆದರೆ ಮನೆ ಬಿಡದ ಪಾನ್‌ನಲ್ಲಿ ಆಯ್ಕೆ ಉಳಿದಿರುತ್ತದೆ, ಕೊನೆಯಾಟದಲ್ಲಿ ಆ ಆಯ್ಕೆಗೆ ಬೆಲೆ ಇರುತ್ತದೆ. ಕೋಚ್‌ಗಳು ಸ್ಪೇರ್ ಮೂವ್, ಅಂದರೆ ಕೈಯಲ್ಲಿ ಮಿಗಿಸಿಟ್ಟ ನಡೆ, ಉಳಿಸಿಕೊಳ್ಳಿ ಅಂತ ಯಾಕೆ ಬಡಿದುಕೊಳ್ಳುತ್ತಾರೆ ಅನ್ನುವುದು ಪುಸ್ತಕದಲ್ಲಿ ಓದಿದಾಗ ಇಷ್ಟು ಆಳಕ್ಕೆ ಇಳಿದಿರಲಿಲ್ಲ.

ಎಂಜಿನ್‌ನ ಆ ಎರಡು ಪ್ರಶ್ನೆ ಚಿಹ್ನೆಯ ಬಗ್ಗೆ ನನಗೆ ತಕರಾರಿದೆ. ಅದು ಆಟ ಎಲ್ಲಿ ತಿರುಗಿತು ಅಂತ ತೋರಿಸುತ್ತದೆ, ಆ ನಡೆಯ ಹಿಂದೆ ಎಂಥ ಯೋಚನೆ ಇತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಮೈಮರೆತು ಆನೆ ಬಿಟ್ಟವರಿಗೂ ಅದೇ ಚಿಹ್ನೆ, ಅಷ್ಟು ಮುಂದಿನವರೆಗೆ ಲೆಕ್ಕ ಹಾಕಿ ಒಂದೇ ಒಂದು ಮನೆಯಷ್ಟು ತಪ್ಪಿದ ಮೇಷ್ಟ್ರಿಗೂ ಅದೇ ಚಿಹ್ನೆ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ ಆಟ ನಡೆದಾಗಲೂ ಹೀಗೇ ಆಯಿತು. ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದು ಬದಲಾಯಿಸೋಣ ಅಂದರು. ಗುಕೇಶ್ ಆನೆ ಹೊಡೆದರು, ಒಂಟೆಗಳನ್ನೂ ಬದಲಾಯಿಸಿದರು. ಬರೀ ರಾಜ ಮತ್ತು ಪಾನ್‌ಗಳ ಆಟ ಉಳಿಯಿತು, ಅದು ಗುಕೇಶ್ ಗೆಲ್ಲುವ ಆಟ. 7.5–6.5ರಿಂದ ಪಟ್ಟ ಅವರದಾಯಿತು. ಪರದೆ ಮೇಲೆ ಎಂಜಿನ್ ನೋಡುತ್ತಿದ್ದ ನಾವೆಲ್ಲ ಆ ಕ್ಷಣಕ್ಕೇ ಕೂಗಿದೆವು. ಎದುರು ಕೂತು, ತಾನೇ ಲೆಕ್ಕ ಹಾಕಿ ಅದನ್ನು ಕಂಡುಕೊಂಡವರ ಕೆಲಸ ಬೇರೆಯೇ.

ನನ್ನ ಆಟದ ಕೆಳಗೆ ನಾನು ಬರೆದ ಟಿಪ್ಪಣಿಯಲ್ಲಿ ಸಿ5ರ ಪಕ್ಕ ಪ್ರಶ್ನೆ ಚಿಹ್ನೆ ಹಾಕಿಲ್ಲ. ಮೇಷ್ಟ್ರು ಹೇಳಿದ ಮಾತನ್ನೇ ಬರೆದಿದ್ದೇನೆ.

ಅವರು ಆಗಾಗ ಫೋನ್ ಮಾಡುತ್ತಾರೆ. ಇತ್ತೀಚೆಗೆ ಮಾಡಿದಾಗ ಹೊಸ ಯೋಚನೆಯೊಂದನ್ನು ಹೇಳಿದರು. "ಆನೇನ ಸಿ5ಕ್ಕೆ ತರೋ ಬದಲು ಎ4ಕ್ಕೆ ಇಳಿಸಿದ್ದಿದ್ರೆ ಏನ್ ಮಾಡ್ತಿದ್ದೆ ಹೇಳು?" ಒಳ್ಳೆಯ ಪ್ರಶ್ನೆ. ಅಲ್ಲಿಂದ ಆನೆ ನನ್ನ ಇ4ರ ಮೇಲೂ ಕಣ್ಣಿಡುತ್ತದೆ, ಎ2ರ ಮೇಲೂ ಕಣ್ಣಿಡುತ್ತದೆ. ಎರಡನ್ನೂ ಕಾಯುವುದಕ್ಕೆ ಆಗುವುದಿಲ್ಲ. ನಾನು ರಾಜನನ್ನು ಎಫ್5ಕ್ಕೆ ತಂದು ಇ4 ಉಳಿಸಿಕೊಳ್ಳುತ್ತೇನೆ ಅಂದೆ. ಅವರು ಎ2 ಹೊಡೆಯುತ್ತಾರೆ. ನಾನು ಆನೆಯನ್ನು ಡಿ3ಕ್ಕೆ ತಂದು ಚೆಕ್ ಕೊಡುತ್ತೇನೆ, ಇ5 ನನ್ನದಾಗುತ್ತದೆ. ಎ2 ಹೋದಾಗಲೇ ಏಳೇ ಕಾಯಿ ಉಳಿಯುತ್ತವೆ, ಟೇಬಲ್‌ಬೇಸ್ ತೆರೆದರೆ ಉತ್ತರ ಅಲ್ಲೇ ಇದೆ. ಸದ್ಯಕ್ಕೆ ಇಬ್ಬರೂ ತೆರೆದಿಲ್ಲ. ಚೆಕ್ ಬಿದ್ದ ಮೇಲೆ ರಾಜ ಸಿ5ಕ್ಕೆ ಹೋಗಬೇಕು ಅನ್ನುತ್ತಾರೆ ಮೇಷ್ಟ್ರು, ಇ7ಕ್ಕೆ ಹೋಗಿ ನನ್ನ ಇ ಪಾನ್ ಮುಂದೆ ನಿಂತರೇ ನನಗೆ ಕಷ್ಟ ಅನ್ನುತ್ತೇನೆ ನಾನು. ಭಾನುವಾರ ಮತ್ತೆ ಮಾತಾಡುವವರಿದ್ದೇವೆ.