ಅದು ಹಾರಿತ್ತಾ?

ನಮ್ಮ ಡ್ರೋನ್‌ನ ಡ್ರ್ಯಾಗ್ (ಗಾಳಿಯ ಎಳೆತ) ಟಾರ್ಗೆಟ್‌ಗೆ ಇಳಿಯುತ್ತಲೇ ಇರಲಿಲ್ಲ, ಪಿಡಿಆರ್, ಅಂದರೆ ಪ್ರಾಥಮಿಕ ಡಿಸೈನ್ ರಿವ್ಯೂ, ತಲೆ ಮೇಲೆ ಬಂದಿತ್ತು. ಹೊಟ್ಟೆ ಕೆಳಗೆ ಗಾಳಿ ಹಿಡಿಯಲು ಚಾಚಿದ ಸ್ಕೂಪ್ ತೆಗೆದುಹಾಕಿ, ಕೂಲಿಂಗ್ ಗಾಳಿಯನ್ನು ಬಾಲದಿಂದ ಒಳಗೆ ತರೋಣ ಅಂತ ರಿವ್ಯೂನಲ್ಲಿ ಸ್ಲೈಡ್ ಹಾಕಿದೆ. ಪಕ್ಕದಲ್ಲಿ ಬುಗಾಟಿ 100ಪಿ ಫೋಟೋ.

ಕಾರಿನ ಬುಗಾಟಿಯವರೇ ಮಾಡಿಸಿದ ರೇಸ್ ವಿಮಾನ ಇದು, ಇದ್ದಿದ್ದು ಒಂದೇ ಒಂದು. ಡಿಸೈನ್ ಲೂಯಿ ದ ಮೊಂಜ್ ಅವರದು. 1938ರಲ್ಲಿ ಕೆಲಸ ಶುರುವಾಯಿತು, ಅದೂ ಪ್ಯಾರಿಸ್‌ನ ಒಂದು ಪೀಠೋಪಕರಣ ಕಾರ್ಖಾನೆಯಲ್ಲಿ. ಮೈಯೆಲ್ಲ ಮರ, ಒಳಗೆ ಬಾಲ್ಸಾ ಅನ್ನೋ ಹಗುರ ಮರ. ಎರಡು ಎಂಜಿನ್‌ಗಳೂ ಪೈಲಟ್‌ನ ಬೆನ್ನ ಹಿಂದೆ. ಶಾಫ್ಟ್‌ಗಳು ಅವನ ಪಕ್ಕದಲ್ಲೇ ಹಾದು, ಮೂಗಿನಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸುತ್ತುವ ಎರಡು ಪ್ರೊಪೆಲ್ಲರ್ ತಿರುಗಿಸಬೇಕು. ನನ್ನ ಕಣ್ಣಿದ್ದದ್ದು ಕೂಲಿಂಗ್ ಮೇಲೆ. ಬಾಲದ ರೆಕ್ಕೆಗಳ ಮುಂಚೂಣಿ ಅಂಚಿನಲ್ಲಿ ಗಾಳಿ ಒಳಗೆ ಬರುತ್ತದೆ, ಅಲ್ಲೇ ತಿರುಗಿ ಮುಂದಕ್ಕೆ ಹೋಗುತ್ತದೆ, ರೇಡಿಯೇಟರ್ ದಾಟಿ ರೆಕ್ಕೆಯ ಹಿಂದಿನ ಅಂಚಿನಲ್ಲಿ ಹೊರಬೀಳುತ್ತದೆ. ಹೊರಗೆ ಸ್ಕೂಪ್ ಅನ್ನೋದೇ ಇಲ್ಲ. ಎಷ್ಟು ಚೆಂದ ಅಲ್ವಾ?

ವಿಪಿ ಫೋನಿನಿಂದ ತಲೆ ಎತ್ತಿದರು. "ಅದು ಹಾರಿತ್ತಾ?"

ಡಕ್ಟ್‌ನ (ಗಾಳಿ ಹಾದುಹೋಗುವ ಕೊಳವೆ) ಬಾಗು, ಪ್ರೆಷರ್ ಲಾಸ್, ತೂಕ, ಎಲ್ಲದಕ್ಕೂ ಬ್ಯಾಕಪ್ ಸ್ಲೈಡ್ ಇತ್ತು. ಇದಕ್ಕೆ ಇರಲಿಲ್ಲ.

"ಇಲ್ಲ ಸರ್. 1939ರ ಸೆಪ್ಟೆಂಬರ್ ರೇಸ್‌ಗೆ ಮುಗೀಲಿಲ್ಲ. ಆಮೇಲೆ ಯುದ್ಧ. 1940ರ ಜೂನ್‌ನಲ್ಲಿ ಜರ್ಮನ್ನರು ಬಂದರು ಅಂತ ಊರಾಚೆ ಸಾಗಿಸಿ ಬಚ್ಚಿಟ್ಟರು."

"ಯುದ್ಧ ಇರಲಿ. ಡೇಟಾ ಎಲ್ಲಿ?"

ಎಸಿ ಸದ್ದು ಬಿಟ್ಟರೆ ಏನೂ ಇಲ್ಲ. ಅಷ್ಟರಲ್ಲಿ ಕಂಪ್ಯೂಟರ್‌ನಲ್ಲಿ ಗಾಳಿಯ ಹರಿವು ಲೆಕ್ಕ ಹಾಕುವ ಸಿಎಫ್‌ಡಿ ಹುಡುಗ ನನ್ನನ್ನು ಕಾಪಾಡಲು ಫೋನ್ ತೆಗೆದ. "ಸರ್, ಪ್ರತಿಕೃತಿ ಮಾಡಿದ್ದಾರೆ. 2015ರಲ್ಲಿ ಹಾರಿದೆ!" ಅಲ್ಲಿಗೇ ನಿಲ್ಲಿಸಬಹುದಿತ್ತು. ಮುಂದಿನ ಸಾಲನ್ನೂ ಓದಿಬಿಟ್ಟ: 2016ರ ಆಗಸ್ಟ್‌ನಲ್ಲಿ ಒಕ್ಲಹೋಮಾದಲ್ಲಿ ಬಿದ್ದು ಪೈಲಟ್ ತೀರಿಕೊಂಡರು. ಅದರೊಳಗಿದ್ದದ್ದು ಬೈಕಿನ ಎಂಜಿನ್‌ಗಳು, ಮೂಲ ವಿಮಾನದ್ದಲ್ಲ ಅಂತ ನಾನು ಹೇಳುವಷ್ಟರಲ್ಲಿ ಮುಂದಿನ ಅಜೆಂಡಾ ಶುರುವಾಗಿತ್ತು.

ಸ್ಕೂಪ್ ಹಾಗೇ ಉಳಿಯಿತು. 100ಪಿ ನಿಂತದ್ದು ಡಕ್ಟ್ ಕೆಟ್ಟದ್ದು ಅಂತಲ್ಲ, ಅದನ್ನು ಇವತ್ತಿಗೂ ವಾದಿಸುತ್ತೇನೆ. ಆದರೆ ಹಾರದ ವಿಮಾನ ನನ್ನ ಪರವಾಗಿಯೂ ಸಾಕ್ಷಿ ಹೇಳಲ್ಲ. ಅಮೆರಿಕದ ಓಶ್ಕಾಶ್‌ನ ಮ್ಯೂಸಿಯಂನಲ್ಲಿ ನಿಂತಿದೆ, ಅಷ್ಟೇ. ಅಂದೇ ನಾನು ಥರ್ಮಾಕೋಲ್‌ನಲ್ಲಿ ಡಕ್ಟ್ ಕೊರೆದು, ಬ್ಲೋವರ್ ಇಟ್ಟು, ಎರಡು ರೀಡಿಂಗ್ ಹಿಡಿದುಕೊಂಡು ಹೋಗಿದ್ದರೆ ವಿಪಿ ಬಾಯಿ ಮುಚ್ಚಿಸಬಹುದಿತ್ತು.

ಈಗ ಥರ್ಮಾಕೋಲ್ ರೆಡಿ ಇದೆ. ಒತ್ತಡ ಅಳೆಯುವ ಮ್ಯಾನೋಮೀಟರ್‌ಗೆ ಇಂಡೆಂಟ್ (ಖರೀದಿ ಕೋರಿಕೆ) ಹಾಕಿದ್ದೇನೆ. ಪರ್ಚೇಸ್‌ನವರಿಗೆ ಮೂರು ಕೊಟೇಶನ್ ಬೇಕಂತೆ. ಬಂದಿರೋದು ಒಂದು.