ಗುಡಿ ಕಟ್ಟೆಯ ಗಣಿತ

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ನಿನ್ನೆ ಸಂಜೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಐದು ಹುಡುಗರು ಗಣಿತ ಬಿಡಿಸುತ್ತಾ ಕೂತಿದ್ದರು. ಹತ್ತನೇ ಕ್ಲಾಸಲ್ಲಿ ಫೇಲಾಗಿ, ಶಾಲೆ ಕಡೆ ತಲೆ ಹಾಕದೆ, ರಾತ್ರಿ ಹನ್ನೊಂದರವರೆಗೂ ಬೈಕ್ ಮೇಲೆ ಸುತ್ತುತ್ತಾ ಗುಟ್ಕಾ ಚಟ ಹತ್ತಿಸಿಕೊಂಡಿದ್ದವರೇ ಇವರು. ಒಬ್ಬನ ಉಗುರಲ್ಲಿ ಗ್ಯಾರೇಜಿನ ಗ್ರೀಸು ಇನ್ನೂ ಹಾಗೇ ಇತ್ತು, ನೋಟ್‌ಬುಕ್ ಹಾಳೆ ಮೇಲೆಲ್ಲ ಕರಿ ಗುರುತು. ಮಾಲೀಕರು ಅವನನ್ನು ಐದಕ್ಕೇ ಬಿಡುತ್ತಾರೆ, ಪಗಾರ ಮುರಿಯೋದಿಲ್ಲ. ಕಲಿಸೋದು ರಿಟೈರ್ ಆದ ಮಾಸ್ತರು. ಗಿರ್ಮಿಟ್ ಅಂಗಡಿ ಅಕ್ಕ ದಿನಾ ಐದು ಪ್ಲೇಟ್ ಕಳಿಸುತ್ತಾರೆ. ದುಡ್ಡು ಕೊಡಲು ಹೋದರೆ, "ಹಸಿದ ಹೊಟ್ಟಿಗೆ ಲೆಕ್ಕ ತಲಿಗೆ ಹೋಗಂಗಿಲ್ರೀ ಸರ, ಸುಮ್ನಿರ್ರಿ" ಅಂದರು.

2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳ 14ನೇ ವಯಸ್ಸಿಗೆ ನಿಲ್ಲುತ್ತದೆ. ಹುಡುಗರು ಕೈ ತಪ್ಪೋದು ಅಲ್ಲಿಂದಾಚೆಗೇ ಜಾಸ್ತಿ ಅಲ್ವಾ? ಫೇಲಾದರೂ ಅದೇ ವರ್ಷ ಪರೀಕ್ಷೆ-2 ಬರೆಯಬಹುದು ಅನ್ನೋದು ಕೂಡ ಈ ಮನೆಗಳಲ್ಲಿ ಗೊತ್ತಿರಲಿಲ್ಲ. ಬೈಯೋಕೆ ಇಡೀ ಓಣಿಯೇ ಇತ್ತು, ನಾನೂ ಬೈದಿದ್ದೇನೆ, ಆದರೆ ಕೂರಿಸಿಕೊಂಡು ಹೇಳುವವರು ಒಬ್ಬರೂ ಇರಲಿಲ್ಲ.

ಕಟ್ಟೆ ಮೇಲಿನ ಬಲ್ಬು ಮಂದ ಆಗಿದೆ. ಇವತ್ತು ಹೊಸದು ತರಬೇಕು.